ನೆತ್ತಿಗೆ ಕೊಡುವ ಶಾಖ ಮರೆವನ್ನು ತಡೆದೀತೇ?

‘ಅರವತ್ತಕ್ಕೆ ಅರಳು ಮರಳು’ ಅನ್ನುವ ಮಾತು ನಮ್ಮೆಲ್ಲರ ಮನೆಯಲ್ಲೂ ಓಡಾಡುತ್ತದೆ. ಹಿರಿಯರು ಏನಾದರೂ ಮರೆತರೆ ಆ ಮಾತು ಹೇಳಿ ಸುಮ್ಮನಾಗುತ್ತೇವೆ. ವಯಸ್ಸಾಯ್ತು, ಇನ್ನೇನು ಅಂತ. ಹಾಗೆ ಸುಮ್ಮನಾಗಬಾರದ ಒಂದು ಹಂತ ಇದೆ. ಆ ಹಂತಕ್ಕೆ ಚೀನಾದಲ್ಲಿ ಕೊಡುವ ಮೋಕ್ಸಾ ಅನ್ನುವ ಒಂದು ಹಳೆಯ ಶಾಖದ ಚಿಕಿತ್ಸೆ ಇದೆ. ಇವತ್ತು ಇವೆರಡರ ಬಗ್ಗೆ ಮಾತಾಡುತ್ತೇನೆ.

ಕನ್ನಡಕ ಎಲ್ಲಿಟ್ಟೆ ಅಂತ ಮನೆಯೆಲ್ಲ ಹುಡುಕುವುದು, ಪರಿಚಯದವರ ಹೆಸರು ನಾಲಿಗೆ ತುದಿಯಲ್ಲಿದ್ದೂ ಬಾರದಿರುವುದು, ಇದೆಲ್ಲ ವಯಸ್ಸಿನ ಜೊತೆ ಬರುವಂಥದ್ದು. ಸ್ವಲ್ಪ ಹೊತ್ತಿಗೆ ನೆನಪಾಗುತ್ತದೆ. ಇನ್ನೊಂದು ಕಡೆ ಡಿಮೆನ್ಷಿಯಾ. ಊಟ ಮಾಡಿದ್ದು ಗೊತ್ತಾಗುವುದಿಲ್ಲ, ಸ್ವಂತ ಬೀದಿಯಲ್ಲೇ ದಾರಿ ತಪ್ಪುತ್ತದೆ. ಇವೆರಡರ ನಡುವೆ ಒಂದು ಹಂತ. ನಿನ್ನೆ ಸಂಜೆ ತಂಗಿ ಮನೆಗೆ ಬಂದು ಊಟ ಮಾಡಿಕೊಂಡು ಹೋದದ್ದು ಇವತ್ತು ನೆನಪಿಲ್ಲ. ಒಂದೇ ಪ್ರಶ್ನೆ ಅರ್ಧ ಗಂಟೆಯಲ್ಲಿ ನಾಲ್ಕು ಸಲ. ಆದರೆ ಅಡುಗೆ ಮಾಡುತ್ತಾರೆ, ಅಂಗಡಿಗೆ ಹೋಗುತ್ತಾರೆ, ಪಿಂಚಣಿ ತರುತ್ತಾರೆ. ಮನೆಯವರಿಗೆ ಏನೋ ಬದಲಾಗಿದೆ ಅನ್ನಿಸುತ್ತದೆ, ಹೊರಗಿನವರಿಗೆ ಗೊತ್ತೇ ಆಗುವುದಿಲ್ಲ. ಡಾಕ್ಟರುಗಳು ಇದನ್ನು ಮೈಲ್ಡ್ ಕಾಗ್ನಿಟಿವ್ ಇಂಪೇರ್‌ಮೆಂಟ್ ಅನ್ನುತ್ತಾರೆ. ಚಿಕ್ಕದಾಗಿ ಎಂಸಿಐ. ಅಮೆರಿಕದ ಮೇಯೋ ಕ್ಲಿನಿಕ್‌ನ ರೊನಾಲ್ಡ್ ಪೀಟರ್ಸನ್ ಮತ್ತು ಜೊತೆಯವರು 1999ರಲ್ಲಿ ಇದರ ಲಕ್ಷಣಗಳನ್ನು ಸ್ಪಷ್ಟವಾಗಿ ಬರೆದಿಟ್ಟರು.

ಎಂಸಿಐ ಇರುವವರೆಲ್ಲ ಡಿಮೆನ್ಷಿಯಾಕ್ಕೆ ಜಾರುವುದಿಲ್ಲ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನೆನಪಿನ ತೊಂದರೆ ಅಂತ ಆಸ್ಪತ್ರೆಗೆ ಬಂದವರಲ್ಲಿ ವರ್ಷಕ್ಕೆ ನೂರಕ್ಕೆ 10ರಿಂದ 15 ಜನ ಆ ಕಡೆ ಹೋಗುತ್ತಾರೆ. ಕೆಲವರು ವರ್ಷಗಟ್ಟಲೆ ಇದ್ದ ಹಾಗೇ ಇರುತ್ತಾರೆ. ಇನ್ನು ಕೆಲವರು ಮತ್ತೆ ಸರಿ ಹೋಗುತ್ತಾರೆ, ಯಾವ ವಿಶೇಷ ಚಿಕಿತ್ಸೆಯೂ ಇಲ್ಲದೆ. ಚಿಕಿತ್ಸೆಯಿಂದ ಗುಣವಾಯಿತು ಅಂತ ಯಾರಾದರೂ ಹೇಳಿದಾಗ ಈ ಕೊನೆಯ ಗುಂಪನ್ನು ನಾವು ಮರೆಯಬಾರದು. ಮುಂದೆ ಇದಕ್ಕೆ ಬರುತ್ತೇನೆ.

ಚೀನಾದಲ್ಲಿ ಇದು ಎಷ್ಟು ದೊಡ್ಡ ವಿಷಯ ಅಂತ ಗೊತ್ತಾಗಬೇಕಾದರೆ ಒಂದು ಲೆಕ್ಕ ಸಾಕು. ಅಲ್ಲಿ 46,000ಕ್ಕೂ ಹೆಚ್ಚು ಹಿರಿಯರನ್ನು ಪರೀಕ್ಷಿಸಿದ ದೊಡ್ಡ ಸಮೀಕ್ಷೆಯೊಂದು 2020ರಲ್ಲಿ ಪ್ರಕಟವಾಯಿತು. 60 ದಾಟಿದವರಲ್ಲಿ ಶೇ. 15.5 ಜನರಿಗೆ ಎಂಸಿಐ ಇತ್ತು. ಇಡೀ ದೇಶಕ್ಕೆ ಲೆಕ್ಕ ಹಾಕಿದರೆ ಸುಮಾರು 3 ಕೋಟಿ 87 ಲಕ್ಷ ಜನ. ನಮ್ಮಲ್ಲಿ ಡಿಮೆನ್ಷಿಯಾ ಇರುವವರೇ ಸುಮಾರು 88 ಲಕ್ಷ ಅಂತ 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಅದಕ್ಕೂ ಹಿಂದಿನ ಹಂತದವರನ್ನು ಹುಡುಕುವ ಕೆಲಸ ನಮ್ಮ ಕೋಲಾರ ಜಿಲ್ಲೆಯಲ್ಲೇ ನಡೆಯುತ್ತಿದೆ, ಇದು ಅನೇಕರಿಗೆ ಗೊತ್ತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ ಸುಮಾರು 10,000 ಜನರನ್ನು ವರ್ಷ ವರ್ಷ ನೋಡುತ್ತಾ ಹೋಗುವ ಯೋಜನೆ ಹಾಕಿಕೊಂಡಿದ್ದಾರೆ. ಮಾವಿಗೆ ಹೆಸರಾದ ಊರು ಮಿದುಳಿನ ಅಧ್ಯಯನಕ್ಕೂ ಹೆಸರಾಗುತ್ತಿದೆ. ನನಗೆ ಇದು ತುಂಬಾ ಹೆಮ್ಮೆಯ ವಿಷಯ.

ಈ ಹಂತಕ್ಕೆ ಮಾತ್ರೆ ಏನಿದೆ? ಡಿಮೆನ್ಷಿಯಾಕ್ಕೆ ಕೊಡುವ ಡೋನೆಪೆಜಿಲ್‌ನಂಥ ಮಾತ್ರೆಗಳು ಎಂಸಿಐ ಮುಂದಕ್ಕೆ ಹೋಗುವುದನ್ನು ತಡೆಯುತ್ತವೆ ಅನ್ನಲು ಗಟ್ಟಿ ಆಧಾರ ಸಿಕ್ಕಿಲ್ಲ. 2023ರಲ್ಲಿ ಅಮೆರಿಕದಲ್ಲಿ ಲೆಕಾನೆಮ್ಯಾಬ್ ಅನ್ನುವ ಔಷಧಿಗೆ ಒಪ್ಪಿಗೆ ಸಿಕ್ಕಿತು. ಅದು ಡಿಮೆನ್ಷಿಯಾ ತರುವ ಆಲ್ಝೈಮರ್ ಕಾಯಿಲೆಯ ಶುರುವಿನ ಹಂತಕ್ಕೆ ಮಾತ್ರ. ಶುರುವಿನಲ್ಲಿ ಎರಡು ವಾರಕ್ಕೊಮ್ಮೆ ಡ್ರಿಪ್, ವಿಪರೀತ ದುಬಾರಿ, ಕೆಲವರಿಗೆ ಮಿದುಳಿನಲ್ಲಿ ಊತ ಅಥವಾ ರಕ್ತಸ್ರಾವ ಆಗುವ ಭಯ ಬೇರೆ. ಹೀಗಿರುವಾಗ ಮನೆಯವರು ಬೇರೆ ದಾರಿ ಹುಡುಕುವುದು ಸಹಜ. ನಮ್ಮಲ್ಲಿ ಬ್ರಾಹ್ಮಿ, ಒಂದೆಲಗ ಅಂತ ಹೊರಡುತ್ತೇವೆ. ಚೀನಾದವರು ಮೋಕ್ಸಾ ಕಡೆ ಹೊರಡುತ್ತಾರೆ.

ಮೋಕ್ಸಾ ಅಂದರೆ ಒಂದು ಗಿಡದ ಒಣಗಿದ ಎಲೆ. ಅದನ್ನು ಮೈಯ ಕೆಲವು ಜಾಗಗಳ ಹತ್ತಿರ ಸುಡುತ್ತಾ ಶಾಖ ಕೊಡುವ ಚಿಕಿತ್ಸೆ ಇದು. ಸೂಜಿ ಚುಚ್ಚುವ ಅಕ್ಯುಪಂಕ್ಚರ್ ನಮಗೆ ಗೊತ್ತು. ಆ ಸೂಜಿಯ ಜೋಡಿಯೇ ಈ ಬೆಂಕಿ. ಚೀನಾದಲ್ಲಿ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಯುನೆಸ್ಕೊ 2010ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿದ್ದೂ ಎರಡನ್ನೂ ಒಟ್ಟಿಗೇ.

ಆ ಗಿಡ ನಮಗೆ ದೂರದ್ದೇನೂ ಅಲ್ಲ. ಗಣೇಶನ ಹಬ್ಬದಲ್ಲಿ ಇಪ್ಪತ್ತೊಂದು ಪತ್ರೆ ಏರಿಸುತ್ತೇವಲ್ಲ, ಮೊದಲು ಹೇಳುವ ಹೆಸರೇ ಮಾಚಿಪತ್ರೆ. ದೇವರಿಗೆ, ಮುಡಿಗೆ ಹಾಕುವ ದವನ ಗೊತ್ತಿದೆ. ಇವೆಲ್ಲ ಆರ್ಟಿಮೀಸಿಯಾ ಅನ್ನುವ ಒಂದೇ ಕುಲದ ಗಿಡಗಳು. ಚೀನಾದ ಮೋಕ್ಸಾ ಗಿಡವೂ ಅದೇ ಕುಲ. ಎಲೆಯ ಹಿಂಬದಿ ಬೆಳ್ಳಗೆ, ಮುಟ್ಟಿದರೆ ನವಿರು ರೋಮ. ಹುಬೈ ಪ್ರಾಂತ್ಯದ ಚೀಚುನ್ ಅನ್ನುವ ಕಡೆಯದು ಶ್ರೇಷ್ಠ ಅಂತ ಹೆಸರು. ಹದಿನಾರನೇ ಶತಮಾನದ ದೊಡ್ಡ ಗಿಡಮೂಲಿಕೆ ಪಂಡಿತ ಲಿ ಷಿಜೆನ್ ಹುಟ್ಟಿದ ಸೀಮೆ ಅದು. ಚೀನೀ ಪಂಚಾಂಗದ ಐದನೇ ತಿಂಗಳ ಐದನೇ ದಿನ ಅಲ್ಲಿ ಡ್ರ್ಯಾಗನ್ ದೋಣಿ ಹಬ್ಬ. ಆ ಹೊತ್ತಿಗೆ ಈ ಗಿಡದ ಕಟ್ಟನ್ನು ಮನೆ ಬಾಗಿಲಿಗೆ ಸಿಕ್ಕಿಸುತ್ತಾರೆ, ಚಿಕಿತ್ಸೆಗೆ ಬೇಕಾದ ಎಲೆ ಕೊಯ್ಯುವುದೂ ಆ ಕಾಲದಲ್ಲೇ. ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ಕಡ್ಡಿ ದೂಳು ತೆಗೆಯುತ್ತಾ ಹೋದರೆ ಕೊನೆಗೆ ಉಳಿಯುವುದು ಹಳದಿ ಬಣ್ಣದ ಮೆತ್ತನೆಯ ನಾರು. ಅದನ್ನು ವರ್ಷಗಟ್ಟಲೆ ಇಟ್ಟು ಹಳತು ಮಾಡುತ್ತಾರೆ. ಹೊಸ ಎಲೆಯಲ್ಲಿ ಎಣ್ಣೆಯ ಅಂಶ ಜಾಸ್ತಿ, ಚುರುಕಾಗಿ ಉರಿದು ಮೈ ಸುಡುತ್ತದೆ. ಹಳತಾದರೆ ನಿಧಾನವಾಗಿ, ಸೌಮ್ಯವಾಗಿ ಉರಿಯುತ್ತದೆ.

ಕ್ರಿಸ್ತಪೂರ್ವ ನಾಲ್ಕನೇ ಶತಮಾನದ ತತ್ವಜ್ಞಾನಿ ಮೆನ್ಸಿಯಸ್ ಇದನ್ನೇ ಹಿಡಿದು ರಾಜರಿಗೆ ಒಂದು ಮಾತು ಹೇಳಿದ. ಏಳು ವರ್ಷದ ಕಾಯಿಲೆಗೆ ಮೂರು ವರ್ಷ ಹಳೆಯ ಮೋಕ್ಸಾ ಹುಡುಕಿಕೊಂಡು ಹೊರಟ ಹಾಗಾಯಿತು ನಿಮ್ಮ ಕಥೆ, ಮೊದಲೇ ಕೂಡಿಡದಿದ್ದರೆ ಜೀವಮಾನವಿಡೀ ಹುಡುಕಿದರೂ ಸಿಗದು ಅಂತ. ರಾಜ್ಯಭಾರದ ಬಗ್ಗೆ ಹೇಳಿದ ಮಾತು. ಆದರೆ ಮೋಕ್ಸಾ ಅನ್ನುವುದು ಆಗಲೇ ಜನರಿಗೆ ಎಷ್ಟು ಪರಿಚಿತವಾಗಿತ್ತು ನೋಡಿ.

ಇನ್ನೂ ಗಟ್ಟಿ ಸಾಕ್ಷಿ ನೆಲದಡಿ ಸಿಕ್ಕಿದೆ. ಹುನಾನ್ ಪ್ರಾಂತ್ಯದ ಚಾಂಗ್‌ಷಾ ಹತ್ತಿರ ಮಾವಾಂಗ್‌ದುಯಿ ಅಂತ ಹಾನ್ ಕಾಲದ ಸಮಾಧಿಗಳಿವೆ. ಕ್ರಿ.ಪೂ. 168ರಲ್ಲಿ ಮುಚ್ಚಿದ ಮೂರನೇ ಸಮಾಧಿಯನ್ನು 1973ರಲ್ಲಿ ತೆರೆದಾಗ ರೇಷ್ಮೆಯ ಮೇಲೆ ಬರೆದ ವೈದ್ಯಗ್ರಂಥಗಳು ಸಿಕ್ಕವು. ಮೈಯಲ್ಲಿ ಹನ್ನೊಂದು ನಾಳಗಳು ಎಲ್ಲೆಲ್ಲಿ ಓಡುತ್ತವೆ, ಅವು ಕೆಟ್ಟರೆ ಯಾವ ನೋವು ಬರುತ್ತದೆ, ಆಗ ಯಾವ ನಾಳಕ್ಕೆ ಶಾಖ ಕೊಡಬೇಕು ಅಂತ ಅವುಗಳಲ್ಲಿದೆ. ಸೂಜಿಯ ಸುದ್ದಿಯೇ ಇಲ್ಲ. ಅಂದರೆ ಸೂಜಿಗಿಂತ ಮೊದಲು ಬೆಂಕಿ ಬಂದಿರಬಹುದು. ಹುವಾಂಗ್‌ದಿ ನೈಜಿಂಗ್ ಅನ್ನುವ ಮೂಲ ವೈದ್ಯಗ್ರಂಥ ಸುಡುವ ಚಿಕಿತ್ಸೆ ಎಲ್ಲಿಂದ ಬಂತು ಅನ್ನುವುದಕ್ಕೆ ಒಂದು ಕಾರಣ ಕೊಡುತ್ತದೆ. ಉತ್ತರದ ಸೀಮೆ ಎತ್ತರ, ಗಾಳಿ, ಹಿಮ. ಅಲ್ಲಿಯ ಜನ ಬಯಲಿನಲ್ಲಿ ಬದುಕುತ್ತಾರೆ, ಹಾಲು ಉಣ್ಣುತ್ತಾರೆ, ಅವರ ಒಳಗೆ ಶೀತ ಸೇರುತ್ತದೆ. ಆದ್ದರಿಂದ ಸುಡುವ ಚಿಕಿತ್ಸೆ ಉತ್ತರದಿಂದ ಬಂತು ಅಂತ.

ಹಳೆಯ ಕಾಲದ ಮೋಕ್ಸಾ ಸೌಮ್ಯವಾಗಿರಲಿಲ್ಲ. ತೈವಾನಿನ ತೈಪೆಯ ಅರಮನೆ ವಸ್ತುಸಂಗ್ರಹಾಲಯದಲ್ಲಿ ಸಾಂಗ್ ಅರಸರ ಕಾಲದ ಚಿತ್ರಕಾರ ಲಿ ತಾಂಗ್ ಬರೆದದ್ದು ಅನ್ನುವ ಒಂದು ಚಿತ್ರ ಇದೆ. ಹಳ್ಳಿಯ ವೈದ್ಯ ಒಬ್ಬನ ಬೆನ್ನಿಗೆ ಮೋಕ್ಸಾ ಸುಡುತ್ತಿದ್ದಾನೆ. ರೋಗಿ ಬಾಯಿ ತೆರೆದು ಕಿರುಚುತ್ತಿದ್ದಾನೆ. ಓಡದ ಹಾಗೆ ಅವನನ್ನು ಜನ ಹಿಡಿದುಕೊಂಡಿದ್ದಾರೆ. ಆಗ ಚರ್ಮದ ಮೇಲೇ ಉಂಡೆ ಇಟ್ಟು ಸುಡುತ್ತಿದ್ದರು. ಗುಳ್ಳೆ ಏಳಬೇಕು, ಕೀವಾಗಬೇಕು, ಆಗಲೇ ಗುಣ ಅನ್ನುವ ನಂಬಿಕೆ. ಇವತ್ತು ಹಿರಿಯರ ಮರೆವಿಗೆ ಮಾಡುವುದು ಆ ಬಗೆಯದ್ದಲ್ಲ. ಈಗ ಹೇಗೆ ಮಾಡುತ್ತಾರೆ ಅಂತ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೋಕ್ಸಾ ನಾರನ್ನು ಕಾಗದದಲ್ಲಿ ಬಿಗಿಯಾಗಿ ಸುತ್ತಿ ಕಡ್ಡಿ ಮಾಡಿರುತ್ತಾರೆ. ಸುಮಾರು 20 ಸೆಂಟಿಮೀಟರ್ ಉದ್ದ, ಹೆಬ್ಬೆರಳಿನಷ್ಟು ದಪ್ಪ. ಒಂದು ತುದಿಗೆ ಬೆಂಕಿ ಹಚ್ಚಿದರೆ ಊದುಬತ್ತಿಯ ಹಾಗೆ ಜ್ವಾಲೆ ಇಲ್ಲದೆ ಕೆಂಡವಾಗಿ ಉರಿಯುತ್ತದೆ. ಆ ಕೆಂಡವನ್ನು ಚರ್ಮದಿಂದ ಎರಡು ಮೂರು ಸೆಂಟಿಮೀಟರ್ ಮೇಲೆ ಹಿಡಿಯುತ್ತಾರೆ. ಒಂದೇ ಕಡೆ ಹಿಡಿಯುವುದುಂಟು, ಸಣ್ಣ ವೃತ್ತದಲ್ಲಿ ತಿರುಗಿಸುವುದುಂಟು. ಗುಬ್ಬಚ್ಚಿ ಕಾಳು ಕುಕ್ಕುವಂತೆ ಮೇಲೆ ಕೆಳಗೆ ಆಡಿಸುವ ಬಗೆಯೂ ಇದೆ, ಅದಕ್ಕೆ ಚೀನೀ ವೈದ್ಯರು ಇಟ್ಟಿರುವ ಹೆಸರೇ ಗುಬ್ಬಚ್ಚಿ ಕುಕ್ಕು. ಒಂದು ಜಾಗಕ್ಕೆ ಹದಿನೈದು ಇಪ್ಪತ್ತು ನಿಮಿಷ. ಚರ್ಮ ನಸುಗೆಂಪಾಗಿ ಹಿತವಾದ ಬಿಸಿ ಅನ್ನಿಸಬೇಕು, ಉರಿಯಬಾರದು. ಕೆಲವು ಕಡೆ ತೂತು ಮಾಡಿದ ಶುಂಠಿಯ ಬಿಲ್ಲೆ ಇಟ್ಟು ಅದರ ಮೇಲೆ ಮೋಕ್ಸಾ ಉಂಡೆ ಹಚ್ಚುತ್ತಾರೆ. ಹೊಕ್ಕುಳಿಗಾದರೆ ಉಪ್ಪು ತುಂಬಿ ಅದರ ಮೇಲೆ. ವಾರಕ್ಕೆ ಹಲವು ದಿನದಂತೆ ಒಂದೆರಡು ತಿಂಗಳು ಅಥವಾ ಇನ್ನೂ ಹೆಚ್ಚು ಕಾಲ ಈ ಚಿಕಿತ್ಸೆ ನಡೆಯುತ್ತದೆ.

ಇದರಲ್ಲಿ ನನ್ನ ಮನಸ್ಸಿಗೆ ಹಿಡಿಸಿದ ಒಂದು ಸಣ್ಣ ವಿವರ ಇದೆ. ಹಿರಿಯರಿಗೆ, ಸ್ಪರ್ಶಜ್ಞಾನ ಕಡಿಮೆ ಇರುವವರಿಗೆ ಶಾಖ ಕೊಡುವಾಗ ವೈದ್ಯರು ತಮ್ಮ ಇನ್ನೊಂದು ಕೈಯ ತೋರುಬೆರಳು ಮತ್ತು ನಡುಬೆರಳನ್ನು ಶಾಖ ಬೀಳುವ ಜಾಗದ ಎರಡೂ ಬದಿಗೆ ಇಟ್ಟುಕೊಳ್ಳಬೇಕು ಅಂತ ಅಲ್ಲಿ ಪಾಠ ಹೇಳುತ್ತಾರೆ. ರೋಗಿಗೆ ಬಿಸಿ ಗೊತ್ತಾಗದಿದ್ದರೂ ವೈದ್ಯರ ಬೆರಳಿಗೆ ಗೊತ್ತಾಗುತ್ತದೆ. ಕಡ್ಡಿ ಎಷ್ಟು ದೂರ ಇರಬೇಕು ಅಂತ ಬೆರಳೇ ಹೇಳುತ್ತದೆ.

ಇನ್ನು ಜಾಗಗಳು. ಮರೆವಿಗೆ ಮುಖ್ಯವಾದದ್ದು ಬೈಹುಯಿ, ನೆತ್ತಿಯ ಮೇಲಿನ ಬಿಂದು. ಎರಡೂ ಕಿವಿಯ ತುದಿಯಿಂದ ಮೇಲಕ್ಕೆ ಒಂದು ಗೆರೆ, ಮೂಗಿನ ನೇರಕ್ಕೆ ಹಿಂದಕ್ಕೆ ಒಂದು ಗೆರೆ. ಎರಡೂ ಸೇರುವ ಕಡೆ ಅದು. ನಮ್ಮ ಅಜ್ಜಿಯರು ಎಣ್ಣೆ ಒತ್ತುವ ಜಾಗವೇ. ಅಲ್ಲಿ ಕೂದಲು ಬಗೆದು, ಕಿಡಿ ಬೀಳದ ಹಾಗೆ ಎಚ್ಚರದಿಂದ ಮಾಡಬೇಕು. ಮಂಡಿಯಿಂದ ನಾಲ್ಕು ಬೆರಳು ಕೆಳಗೆ, ಮುಂಗಾಲು ಮೂಳೆಯಿಂದ ಒಂದು ಬೆರಳು ಹೊರಗೆ ಜುಸಾನ್‌ಲಿ ಇದೆ. ಹೊಕ್ಕುಳಿನಿಂದ ನಾಲ್ಕು ಬೆರಳು ಕೆಳಗೆ ಗ್ವಾನ್‌ಯುವಾನ್. ಸೊಂಟದಲ್ಲಿ ಬೆನ್ನುಮೂಳೆಯ ಎರಡೂ ಬದಿಗೆ ಷೆನ್‌ಷು, ಅದು ಮೂತ್ರಪಿಂಡದ್ದು.

ಮರೆವಿಗೂ ಮೂತ್ರಪಿಂಡಕ್ಕೂ ಏನು ಸಂಬಂಧ ಅಂತ ನೀವು ಕೇಳಬಹುದು. ಚೀನೀ ವೈದ್ಯದಲ್ಲಿ ಮಿದುಳು ಅಂದರೆ ಮಜ್ಜೆಯ ಕಡಲು. ಮಜ್ಜೆಯನ್ನು ಹುಟ್ಟಿಸುವುದು ಮೂತ್ರಪಿಂಡದಲ್ಲಿ ಕೂಡಿಟ್ಟ ಸಾರ. ವಯಸ್ಸಾದಂತೆ ಆ ಸಾರ ತೀರುತ್ತದೆ, ಕಡಲು ಬತ್ತುತ್ತದೆ, ಕಿವಿ ಗುಂಯ್‌ಗುಟ್ಟುತ್ತದೆ, ತಲೆ ಸುತ್ತುತ್ತದೆ, ನೆನಪು ಕುಗ್ಗುತ್ತದೆ. ಶಾಖ ಕೊಟ್ಟು ಆ ಬತ್ತಿದ್ದನ್ನು ತುಂಬುವುದು ಅವರ ಲೆಕ್ಕ. ಇದು ಅವರ ಶಾಸ್ತ್ರದ ಒಳಗಿನ ತರ್ಕ. ಮೂತ್ರಪಿಂಡದ ಕೆಲಸವನ್ನು ನಾನು ಕಲಿತ ವೈದ್ಯಶಾಸ್ತ್ರ ಬೇರೆ ರೀತಿ ಹೇಳುತ್ತದೆ. ಒಂದರ ಮೇಲೆ ಇನ್ನೊಂದನ್ನು ಬಲವಂತವಾಗಿ ಕೂರಿಸುವುದು ಎರಡಕ್ಕೂ ನ್ಯಾಯವಲ್ಲ. ಕೇಳಬೇಕಾದ ಪ್ರಶ್ನೆ ಸರಳವಾಗಿದೆ: ಹೀಗೆ ಶಾಖ ಕೊಟ್ಟರೆ ಹಿರಿಯರ ನೆನಪು ಸುಧಾರಿಸುತ್ತದಾ?

ಬಿಸಿ ಮೈಗೆ ಏನೂ ಮಾಡುವುದಿಲ್ಲ ಅಂತ ಯಾರೂ ಹೇಳಲಾರರು. ಚರ್ಮದ ನರಗಳ ತುದಿಯಲ್ಲಿ ಟಿಆರ್‌ಪಿವಿ1 ಅನ್ನುವ ಒಂದು ಸಣ್ಣ ಬಾಗಿಲಿದೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ತೆರೆದುಕೊಳ್ಳುತ್ತದೆ, ಮಿದುಳಿಗೆ ಸುದ್ದಿ ಹೋಗುತ್ತದೆ. ಅದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು, ಸ್ಪರ್ಶದ ಬಾಗಿಲನ್ನು ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್ ಜೊತೆಯಲ್ಲಿ. ಜೂಲಿಯಸ್ ಅದನ್ನು ಪತ್ತೆ ಮಾಡಿದ್ದು ಮೆಣಸಿನಕಾಯಿಯ ಖಾರದ ಬೆನ್ನು ಹತ್ತಿ. ಬ್ಯಾಡಗಿಯವರು ಕೇಳಿದರೆ ಖುಷಿಪಡುತ್ತಾರೆ. ಖಾರ ತಿಂದಾಗ ಬಾಯಿ ಉರಿಯುವುದಕ್ಕೂ ಬಿಸಿ ತಾಗಿದಾಗ ಚರ್ಮ ಉರಿಯುವುದಕ್ಕೂ ಇದೇ ಬಾಗಿಲು. ಶಾಖದಿಂದ ಆ ಜಾಗದ ರಕ್ತನಾಳ ಹಿಗ್ಗುತ್ತದೆ, ಸ್ನಾಯು ಸಡಿಲವಾಗುತ್ತದೆ, ನೋವು ತಗ್ಗುತ್ತದೆ. ನೋವು ತಗ್ಗಿದರೆ ನಿದ್ದೆ ಬರುತ್ತದೆ. ನಿದ್ದೆ ಬಂದವರ ನೆನಪು ನಿದ್ದೆಗೆಟ್ಟವರ ನೆನಪಿಗಿಂತ ಚೆನ್ನಾಗಿರುತ್ತದೆ. ಇಲ್ಲಿವರೆಗೆ ತಕರಾರಿಲ್ಲ. ಇಲಿಗಳ ಮೇಲೆ ಮಾಡಿದ ಪ್ರಯೋಗಗಳು ಇನ್ನೂ ಏನೇನೋ ಹೇಳುತ್ತವೆ, ಮಿದುಳಿನ ಉರಿಯೂತ ಕಡಿಮೆಯಾಯಿತು ಅಂತೆಲ್ಲ. ಇಲಿಯಿಂದ ಮನುಷ್ಯನಿಗೆ ಬರುವ ದಾರಿ ಬಹಳ ಉದ್ದ. ಅದನ್ನು ಸದ್ಯಕ್ಕೆ ಬಿಡೋಣ.

ಮನುಷ್ಯರ ಮೇಲಿನ ಅಧ್ಯಯನಗಳು ಇವೆ. ಹೆಚ್ಚಿನವು ಚೀನಾದಲ್ಲೇ ನಡೆದವು. ಅವನ್ನೆಲ್ಲ ಒಟ್ಟು ಹಾಕಿ ನೋಡಿದ ವಿಮರ್ಶೆಗಳೂ ಬಂದಿವೆ. ಮೋಕ್ಸಾ ಪಡೆದವರ ಪರೀಕ್ಷೆಯ ಅಂಕ ಏರಿದೆ ಅಂತ ಅವು ಹೇಳುತ್ತವೆ. ಅದೇ ವಿಮರ್ಶೆಗಳು ಇನ್ನೊಂದನ್ನೂ ಹೇಳುತ್ತವೆ: ಅಧ್ಯಯನಗಳು ಚಿಕ್ಕವು, ಮಾಡಿದ ರೀತಿ ಬಿಗಿಯಾಗಿಲ್ಲ, ಆದ್ದರಿಂದ ಪೂರ್ತಿ ನಂಬುವ ಹಾಗಿಲ್ಲ. ಮೊದಲನೆಯದನ್ನು ಜಾಹೀರಾತಿನವರು ಹೇಳುತ್ತಾರೆ. ಎರಡನೆಯದನ್ನು ಬಿಡುತ್ತಾರೆ.

ತೊಂದರೆ ಎಲ್ಲಿದೆ ಅಂತ ನೋಡಲು ಒಂದು ಅಧ್ಯಯನವನ್ನು ಊಹಿಸಿಕೊಳ್ಳಿ. ಎಂಸಿಐ ಇರುವ 60 ಹಿರಿಯರು. 30 ಜನಕ್ಕೆ ಮೋಕ್ಸಾ, 30 ಜನಕ್ಕೆ ಏನೂ ಇಲ್ಲ. ಶುರುವಿನಲ್ಲಿ ಒಂದು ಪರೀಕ್ಷೆ, ಎರಡು ತಿಂಗಳ ಮೇಲೆ ಅದೇ ಪರೀಕ್ಷೆ. ಹೆಚ್ಚಾಗಿ ಬಳಸುವ ಪರೀಕ್ಷೆ ಮೋಕಾ. 30 ಅಂಕಕ್ಕೆ. ಐದು ಪದ ಹೇಳಿ ಸ್ವಲ್ಪ ಹೊತ್ತಾದ ಮೇಲೆ ಕೇಳುತ್ತಾರೆ. ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸುವ ಗಡಿಯಾರ ಬರೆಯಿರಿ ಅನ್ನುತ್ತಾರೆ. ನೂರರಿಂದ ಏಳೇಳು ಕಳೆಯುತ್ತಾ ಬನ್ನಿ ಅನ್ನುತ್ತಾರೆ. 26ಕ್ಕಿಂತ ಕಡಿಮೆ ಬಂದರೆ ಮುಂದೆ ನೋಡಬೇಕು ಅಂತ ಅರ್ಥ. ಕಡಿಮೆ ಓದಿದವರಿಗೆ ಒಂದು ಅಂಕ ಸೇರಿಸುತ್ತಾರೆ. ಈಗ ಎರಡು ತಿಂಗಳ ಮೇಲೆ ಮೋಕ್ಸಾ ಗುಂಪಿನವರ ಅಂಕ ಎರಡು ಏರಿತು ಅಂತಿಟ್ಟುಕೊಳ್ಳೋಣ.

ಅದು ಮೋಕ್ಸಾದಿಂದಲೇ ಏರಿತು ಅಂತ ಹೇಗೆ ಹೇಳುವುದು? ಅದೇ ಪರೀಕ್ಷೆ ಎರಡನೇ ಸಲ ಬರೆದರೆ ಯಾರಿಗಾದರೂ ಸ್ವಲ್ಪ ಸುಲಭವಾಗುತ್ತದೆ. ತಾನಾಗಿ ಸರಿ ಹೋಗುವ ಗುಂಪೊಂದು ಇದೆ ಅಂತ ಮೊದಲೇ ಹೇಳಿದೆ. ಜೊತೆಗೆ ಮೋಕ್ಸಾ ಗುಂಪಿನವರು ದಿನವೂ ಎದ್ದು, ತಯಾರಾಗಿ, ಆಸ್ಪತ್ರೆಗೆ ನಡೆದರು. ಅಲ್ಲಿ ನಾಲ್ಕು ಜನರ ಜೊತೆ ಮಾತಾಡಿದರು. ಒಬ್ಬರು ಪಕ್ಕದಲ್ಲಿ ಕೂತು ಅರ್ಧ ಗಂಟೆ ಅವರ ಮೈ ಮುಟ್ಟಿ ಉಪಚಾರ ಮಾಡಿದರು. ಒಂಟಿತನ, ಬೇಸರ ಇರುವ ವೃದ್ಧರಿಗೆ ಇದೇ ಒಂದು ಔಷಧಿ. ಇವುಗಳಿಂದ ಬಂದ ಲಾಭವನ್ನು ಕಳೆದು ಬರೀ ಶಾಖದ ಲಾಭ ಎಷ್ಟು ಅಂತ ನೋಡಬೇಕಾದರೆ ಇನ್ನೊಂದು ಗುಂಪಿಗೆ ಸುಳ್ಳು ಮೋಕ್ಸಾ ಕೊಡಬೇಕು. ಮಾತ್ರೆಯಾದರೆ ಸಕ್ಕರೆ ಮಾತ್ರೆ ಕೊಡಬಹುದು. ಬಿಸಿಯನ್ನು, ಹೊಗೆಯನ್ನು, ಆ ಗಾಢ ವಾಸನೆಯನ್ನು ಹೇಗೆ ಸುಳ್ಳಾಗಿ ಕೊಡುವುದು? ಶಾಖ ಚರ್ಮ ತಲುಪದ ಹಾಗೆ ತಡೆಯುವ ಸಾಧನಗಳನ್ನು ಕೆಲವರು ಮಾಡಿದ್ದಾರೆ. ಆದರೂ ಬಿಸಿ ತಾಗಿತೋ ಇಲ್ಲವೋ ಅನ್ನುವುದು ರೋಗಿಗೆ ಗೊತ್ತಾಗಿಬಿಡುತ್ತದೆ. ಶಾಖ ಕೊಡುವವರಿಗಂತೂ ಗೊತ್ತೇ ಇರುತ್ತದೆ. ಎರಡು ಮೂರು ತಿಂಗಳಲ್ಲಿ ಅಂಕ ಏರುವುದಕ್ಕೂ ಎರಡು ಮೂರು ವರ್ಷದಲ್ಲಿ ಡಿಮೆನ್ಷಿಯಾ ಬಾರದಿರುವುದಕ್ಕೂ ತುಂಬಾ ವ್ಯತ್ಯಾಸ ಇದೆ ಅನ್ನುವುದನ್ನೂ ಸೇರಿಸಿಕೊಳ್ಳಿ. ಜನ ಕೇಳುವುದು ಎರಡನೆಯದನ್ನು.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಮೋಕ್ಸಾ ಹಿರಿಯರ ಮರೆವಿಗೆ ಸಹಾಯ ಮಾಡಬಹುದು, ಮಾಡುತ್ತದೆ ಅಂತ ಇನ್ನೂ ಸಾಬೀತಾಗಿಲ್ಲ. ಪರೀಕ್ಷಿಸಲು ಯೋಗ್ಯವಾದ ಚಿಕಿತ್ಸೆ, ಭರವಸೆ ಮಾರಲು ಯೋಗ್ಯವಾದದ್ದಲ್ಲ.

ಹಳೆಯದು ಅನ್ನುವ ಕಾರಣಕ್ಕೆ ನಾನು ಇದನ್ನು ತಳ್ಳಿಹಾಕುತ್ತಿಲ್ಲ. ಸುಮಾರು 1700 ವರ್ಷದ ಹಿಂದೆ ದಕ್ಷಿಣ ಚೀನಾದಲ್ಲಿ ಬಾವೊ ಗು ಅನ್ನುವ ಹೆಂಗಸು ಮೋಕ್ಸಾ ವೈದ್ಯಕ್ಕೆ ಹೆಸರಾಗಿದ್ದಳು. ಗ್ವಾಂಗ್‌ಝೌ ಊರಿನಲ್ಲಿ ಇವತ್ತಿಗೂ ಅವಳಿಗೆ ಪೂಜೆ ಇದೆ. ಅವಳ ಗಂಡ ಗೆ ಹಾಂಗ್ ಬರೆದ ತುರ್ತು ಔಷಧಿಗಳ ಪುಸ್ತಕದಲ್ಲಿ ಜ್ವರಕ್ಕೆ ಒಂದು ಆರ್ಟಿಮೀಸಿಯಾ ಗಿಡವನ್ನು ನೀರಿನಲ್ಲಿ ನೆನೆಸಿ, ಹಿಂಡಿ, ಕುಡಿಯಿರಿ ಅಂತಿದೆ. ಕುದಿಸಿ ಅಂತ ಹೇಳಿಲ್ಲ. ತೂ ಯೂಯೂ ಅನ್ನುವ ವಿಜ್ಞಾನಿ ಆ ಸಾಲಿನಿಂದ ಸುಳಿವು ಹಿಡಿದರು. ಬಿಸಿ ಮಾಡದೆ ಸಾರ ತೆಗೆದರು, ಪರೀಕ್ಷಿಸಿದರು, ಮೊದಲು ತಾವೇ ಕುಡಿದು ನೋಡಿದರು. ಅದರಿಂದ ಬಂದದ್ದು ಮಲೇರಿಯಾ ಔಷಧಿ ಆರ್ಟಿಮಿಸಿನಿನ್. ಲಕ್ಷಾಂತರ ಜೀವ ಉಳಿಯಿತು, 2015ರಲ್ಲಿ ಅವರಿಗೆ ನೊಬೆಲ್ ಬಂತು. ಹಳೆಯ ಪುಸ್ತಕ ಸುಳಿವು ಕೊಟ್ಟಿತು, ಪರೀಕ್ಷೆ ಅದನ್ನು ಔಷಧಿ ಮಾಡಿತು. ಮೋಕ್ಸಾಕ್ಕೆ ಆ ಎರಡನೇ ಕೆಲಸ ಇನ್ನೂ ಬಾಕಿ ಇದೆ.

ಈಗ ಅಪಾಯದ ಮಾತು. ಕೆಂಡದ ಬಿಸಿ ನೂರಾರು ಡಿಗ್ರಿ ಇರುತ್ತದೆ. ಚರ್ಮಕ್ಕೆ 44 ಡಿಗ್ರಿ ತಾಗಿದರೆ ಸುಟ್ಟಗಾಯವಾಗಲು ಗಂಟೆಗಳು ಬೇಕು. 60 ಡಿಗ್ರಿಗೆ ಕೆಲವೇ ಸೆಕೆಂಡು ಸಾಕು. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರಿಗೆ ಸುಡುವುದೇ ಗೊತ್ತಾಗುವುದಿಲ್ಲ, ಆಮೇಲೆ ಆ ಗಾಯ ಒಣಗುವುದೂ ಇಲ್ಲ. ಮರೆವು ಇರುವವರು ಉರಿಯುತ್ತಿದೆ ಅಂತ ತಕ್ಷಣ ಹೇಳದೆ ಇರಬಹುದು. ಹೊಗೆಯಲ್ಲಿ ಸಣ್ಣ ಕಣಗಳಿರುತ್ತವೆ. ಉಬ್ಬಸ ಇರುವವರಿಗೆ, ಮುಚ್ಚಿದ ಕೋಣೆಯಲ್ಲಿ, ಅದು ಒಳ್ಳೆಯದಲ್ಲ.

ನಮ್ಮಲ್ಲೂ ಸುಡುವ ಚಿಕಿತ್ಸೆ ಇತ್ತು. ಸುಶ್ರುತ ಸಂಹಿತೆಯಲ್ಲಿ ಅಗ್ನಿಕರ್ಮ ಅಂತ ಒಂದು ಅಧ್ಯಾಯವೇ ಇದೆ. ಯಾರಿಗೆ ಮಾಡಬೇಕು ಅನ್ನುವಷ್ಟೇ ಜೋರಾಗಿ ಯಾರಿಗೆ ಮಾಡಬಾರದು ಅಂತ ಅದರಲ್ಲಿದೆ: ಮಕ್ಕಳಿಗೆ ಬೇಡ, ಮುದುಕರಿಗೆ ಬೇಡ. ಆ ಎಚ್ಚರವನ್ನು ಬಿಟ್ಟು ಹಳ್ಳಿಗಳಲ್ಲಿ ಕಾಮಾಲೆಗೆ, ಕೂಸಿನ ಹೊಟ್ಟೆನೋವಿಗೆ ಬರೆ ಹಾಕುವುದು ಇವತ್ತಿಗೂ ನಿಂತಿಲ್ಲ. ಅದರಿಂದ ನರಳಿದ ಮಕ್ಕಳನ್ನು ನೋಡಿದ ಯಾವ ಡಾಕ್ಟರಿಗೂ ಅದು ಮರೆಯುವುದಿಲ್ಲ. ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಿತಂತೆ ಅಂತ ಗಾದೆ ಇದೆಯಲ್ವಾ, ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿ ಮನೆಯ ಅಜ್ಜನ ನೆತ್ತಿಗೆ ಕೆಂಡ ಹಿಡಿಯಲು ಹೊರಡಬೇಡಿ.

ಹಾಗಾದರೆ ಮರೆವು ಕಂಡಾಗ ಮೊದಲು ಏನು ಮಾಡಬೇಕು? ಹಿಂತಿರುಗಿಸಬಹುದಾದ ಕಾರಣ ಇದೆಯಾ ಅಂತ ನೋಡಿಸಬೇಕು. ಬಿ12 ವಿಟಮಿನ್ ಪರೀಕ್ಷೆ ಮಾಡಿಸಿ. ನಮ್ಮಲ್ಲಿ ಸಸ್ಯಾಹಾರಿಗಳು ಜಾಸ್ತಿ, ಅವರಲ್ಲಿ ಬಿ12 ಕಡಿಮೆ ಇರುವುದು ಮಾಮೂಲು. ಸಕ್ಕರೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗಿದವರಲ್ಲೂ ಅದು ಇಳಿಯುತ್ತದೆ. ಥೈರಾಯ್ಡ್ ನೋಡಿಸಿ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಡಾಕ್ಟರ ಹತ್ತಿರ ಹೋಗಿ. ನಿದ್ದೆಗೆ ಅಂತ ಯಾವಾಗಲೋ ಶುರುಮಾಡಿದ ಆಲ್‌ಪ್ರಾಜೊಲಾಮ್, ನೆಗಡಿಗೆ ಅಂತ ದಿನಾ ನುಂಗುವ ಮಾತ್ರೆ, ಇವೇ ನೆನಪನ್ನು ಮಂಕು ಮಾಡುತ್ತಿರಬಹುದು. ಹಾಗಂತ ನೀವೇ ಅವನ್ನು ತಟ್ಟನೆ ನಿಲ್ಲಿಸಬೇಡಿ, ಡಾಕ್ಟರು ಹೇಳಿದ ಹಾಗೆ ಇಳಿಸಬೇಕು. ಕಿವಿ ಕೇಳಿಸುತ್ತದಾ ನೋಡಿ. ಕೇಳಿಸದ ಮಾತು ನೆನಪಿನಲ್ಲಿ ಉಳಿಯುವುದು ಹೇಗೆ? ಮನಸ್ಸಿಗೆ ಬೇಸರ ಹಿಡಿದಿದೆಯಾ ಕೇಳಿ. ಸಂಗಾತಿ ಹೋದ ಮೇಲೆ ಬಂದ ಮರೆವು ಎಷ್ಟೋ ಸಲ ದುಃಖದ ಇನ್ನೊಂದು ಮುಖ. ಪರೀಕ್ಷೆಯನ್ನು ಕನ್ನಡದಲ್ಲೇ ಮಾಡಿಸಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಭಾರತೀಯ ಭಾಷೆಗಳಲ್ಲಿ ತಯಾರಿಸಿದ ನೆನಪಿನ ಪರೀಕ್ಷೆಗಳಲ್ಲಿ ಕನ್ನಡವೂ ಇದೆ. ಇಂಗ್ಲಿಷಿನಲ್ಲಿ ಕೇಳಿ ಅಂಕ ಕಡಿಮೆ ಬಂತು ಅಂದರೆ ಅದು ಭಾಷೆಯ ಅಂಕ, ಮಿದುಳಿನದ್ದಲ್ಲ.

ಆಮೇಲೆ ನಡಿಗೆ. ಅಮೆರಿಕದ ನರವೈದ್ಯರ ಅಕಾಡೆಮಿ 2018ರಲ್ಲಿ ಎಂಸಿಐ ಇರುವವರಿಗೆ ಕೊಟ್ಟ ಸಲಹೆಯಲ್ಲಿ ವಾರಕ್ಕೆ ಎರಡು ಸಲದ ವ್ಯಾಯಾಮ ಇದೆ. ಫಿನ್‌ಲ್ಯಾಂಡಿನಲ್ಲಿ ಫಿಂಗರ್ ಅನ್ನುವ ದೊಡ್ಡ ಅಧ್ಯಯನ ನಡೆಯಿತು. ಡಿಮೆನ್ಷಿಯಾದ ಅಪಾಯ ಹೆಚ್ಚಿದ್ದ 60ರಿಂದ 77 ವಯಸ್ಸಿನ 1,260 ಜನ, ಎರಡು ವರ್ಷ. ಊಟ, ವ್ಯಾಯಾಮ, ಮಿದುಳಿಗೆ ಕೆಲಸ, ಬಿಪಿ ಮತ್ತಿತರ ತಪಾಸಣೆ, ಎಲ್ಲವನ್ನೂ ಒಟ್ಟಿಗೆ ಕೊಟ್ಟ ಗುಂಪಿನ ಫಲಿತಾಂಶ ಉತ್ತಮವಾಗಿತ್ತು. ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಡಿಮೆನ್ಷಿಯಾಕ್ಕೆ ನಾವು ತಿದ್ದಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿತು. ಅವನ್ನೆಲ್ಲ ಸರಿಪಡಿಸಿದರೆ ಸುಮಾರು ಶೇ. 45ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಅನ್ನುವುದು ಅವರ ಅಂದಾಜು. ಕಿವುಡುತನ, ಕೆಟ್ಟ ಕೊಲೆಸ್ಟ್ರಾಲ್, ಬಿಪಿ, ಇವು ಹಾನಿ ಶುರುಮಾಡುವುದು ನಡುವಯಸ್ಸಿನಲ್ಲೇ. ಮೂರು ವರ್ಷ ಹಳೆಯ ಮೋಕ್ಸಾವನ್ನು ಮೊದಲೇ ಕೂಡಿಡಬೇಕು ಅಂದ ಮೆನ್ಸಿಯಸ್‌ನ ಮಾತು ನನಗೆ ಇಲ್ಲಿ ನೆನಪಾಗುತ್ತದೆ. ಈ ಸಭೆಯಲ್ಲಿ ನಲವತ್ತು ಐವತ್ತರ ಮಕ್ಕಳೂ ಅಪ್ಪ ಅಮ್ಮನ ಜೊತೆ ಬಂದಿದ್ದೀರಿ. ನಿಮ್ಮ ಬಿಪಿಯನ್ನೂ ಇವತ್ತೇ ನೋಡಿಸಿಕೊಳ್ಳಿ.

ಮಾತು ಮುಗಿದ ಮೇಲೆ ಒಬ್ಬರು ತಾಯಿ ಕೇಳಿದ ಪ್ರಶ್ನೆಯನ್ನು ಇಲ್ಲಿ ಸೇರಿಸುತ್ತೇನೆ. ಅವರ ಮಗಳು ಸಿಂಗಪುರದಲ್ಲಿದ್ದಾಳೆ. ಅಲ್ಲಿಂದ ಮೋಕ್ಸಾ ಕಡ್ಡಿಯ ಪೆಟ್ಟಿಗೆ ಕಳಿಸಿದ್ದಾಳೆ. ಯಜಮಾನರಿಗೆ 74 ವರ್ಷ, ಮರೆವು ಶುರುವಾಗಿದೆ, ಸಕ್ಕರೆಯೂ ಇದೆ. ಮಾಡಬಹುದಾ ಡಾಕ್ಟ್ರೇ ಅಂತ.

ನಾನು ಹೇಳಿದ್ದು ಹೀಗೆ. ಅಮ್ಮಾ, ನೆತ್ತಿಗೆ ಮನೆಯಲ್ಲಿ ಬೇಡವೇ ಬೇಡ. ಕೂದಲು, ಕಿಡಿ, ನಡುಗುವ ಕೈ, ಇದು ಕಲಿತವರ ಕೆಲಸ. ಸಕ್ಕರೆ ಎಷ್ಟು ವರ್ಷದಿಂದ ಇದೆ, ಕಾಲಿಗೆ ಸ್ಪರ್ಶ ಇದೆಯಾ ಅಂತ ಮೊದಲು ಪರೀಕ್ಷೆ ಆಗಲಿ. ಸ್ಪರ್ಶ ಕಡಿಮೆ ಇದ್ದರೆ ಕಾಲಿಗೂ ಬೇಡ. ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿ ಪಡೆದು ಅಕ್ಯುಪಂಕ್ಚರ್ ಕ್ರಮವಾಗಿ ಕಲಿತ ಬಿಎನ್‌ವೈಎಸ್ ಡಾಕ್ಟರು ಹತ್ತಿರದಲ್ಲಿದ್ದು, ಈಗಿನ ಮಾತ್ರೆಗಳನ್ನು ಬಿಡದೆ, ಮಂಡಿನೋವಿಗೋ ನಿದ್ದೆಗೋ ಅಂತ ಮಾಡಿಸಿಕೊಳ್ಳುತ್ತೀರಿ ಅಂದರೆ ನಾನು ತಡೆಯುವುದಿಲ್ಲ. ಕಿಟಕಿ ತೆರೆದಿರಲಿ. ಮುಗಿದ ಮೇಲೆ ಕಡ್ಡಿಯನ್ನು ಮರಳು ತುಂಬಿದ ಡಬ್ಬಿಗೆ ಚುಚ್ಚಿ ಆರಿಸಬೇಕು. ಮೇಲೆ ಆರಿದ ಹಾಗೆ ಕಂಡರೂ ಒಳಗೆ ಕೆಂಡ ಇರುತ್ತದೆ, ಕಸದ ಬುಟ್ಟಿಗೆ ಹಾಕಿ ಮನೆ ಹೊತ್ತಿಕೊಂಡೀತು. ನೆನಪಿಗೆ ಅಂತ ಕೇಳಿದರೆ ಪೆಟ್ಟಿಗೆ ಸದ್ಯಕ್ಕೆ ಕಪಾಟಿನಲ್ಲೇ ಇರಲಿ, ಅದು ಹಳತಾದಷ್ಟೂ ಒಳ್ಳೆಯದು. ಯಜಮಾನರನ್ನು ಈ ವಾರವೇ ಕರೆದುಕೊಂಡು ಬನ್ನಿ. ಬರುವಾಗ ಅವರ ಮಾತ್ರೆಗಳ ಚೀಲ ತನ್ನಿ, ಹಳೆಯ ರಿಪೋರ್ಟು ತನ್ನಿ. ಬಿ12 ಮತ್ತು ಥೈರಾಯ್ಡಿಗೆ ರಕ್ತ ಕೊಟ್ಟು, ಕಿವಿ ಪರೀಕ್ಷೆ ಮುಗಿಸಿಕೊಂಡು ಆಮೇಲೆ ಕೂತು ಮಾತಾಡೋಣ.